ಬೋಳು ಮರಕ್ಕೆ ಕಟ್ಟಿದ ದಾರ

"ಗುರುಗಳೇ, ಸಂಜೆ ಹೊತ್ತು ರುದ್ರಮುನಿ ಒಬ್ಬನೇ ನಿಮ್ಮ ಹತ್ತಿರ ನಿಂತು ಮಾತಾಡುತ್ತಾನಲ್ಲ, ನಮಗೆ ಹೇಳದೆ ಅವನಿಗೆ ಮಾತ್ರ ಹೇಳಿಕೊಡುವಂಥದ್ದು ಏನಿದೆ?"

ಕೇಳಿದವನು ನಿಂಗಯ್ಯ. ಬೆಟ್ಟದ ಬುಡದ ಆ ಸಣ್ಣ ಮಠದಲ್ಲಿ ಓದುತ್ತಿದ್ದ ಕೆಲವೇ ಶಿಷ್ಯರಲ್ಲಿ ಅವನೂ ಒಬ್ಬ, ರುದ್ರಮುನಿಯೂ ಒಬ್ಬ. ಇಬ್ಬರೂ ಒಂದೇ ವರ್ಷ ಬಂದವರು, ಒಂದೇ ಚಾಪೆಯ ಮೇಲೆ ಕುಳಿತು ಪಾಠ ಕೇಳುವವರು. ಪಾಠ ರುದ್ರಮುನಿಗೆ ಬೇಗ ಹತ್ತುತ್ತಿತ್ತು, ನಿಂಗಯ್ಯನಿಗೆ ತಡವಾಗುತ್ತಿತ್ತು. ಈಚೆಗೆ ಗುರುಗಳು ಹಿಂದಿನ ದಿನದ ಪಾಠವನ್ನು ಬೆಳಿಗ್ಗೆ ಎಲ್ಲರಿಗೂ ಇನ್ನೊಮ್ಮೆ ಹೇಳುತ್ತಿದ್ದುದರಿಂದ ಅವನೂ ಹೇಗೋ ಜೊತೆಯಲ್ಲಿ ಸಾಗುತ್ತಿದ್ದ.

ಕೇಳಲು ಶುರು ಮಾಡಿದ ಮೇಲೆ ನಿಂಗಯ್ಯನ ಬಾಯಿ ನಿಲ್ಲಲಿಲ್ಲ. ಅವರಿಬ್ಬರೂ ಬಾವಿಕಟ್ಟೆಯ ಹತ್ತಿರ ನಿಂತದ್ದು ಕಂಡರೆ ತನಗೆ ಊಟ ಸೇರುವುದಿಲ್ಲ ಎಂದ. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ ಆಗುತ್ತದೆ ಎಂದ. ಇದು ಹೊಟ್ಟೆಕಿಚ್ಚು ಎಂದು ತನಗೂ ಗೊತ್ತು, ಆದರೆ ಕಿಚ್ಚು ಹಚ್ಚಿದವನು ಅವನಲ್ಲವೇ ಎಂದ. ಕೊನೆಗೆ, ಸಂಜೆಯ ಆ ಮಾತನ್ನೇ ನಿಲ್ಲಿಸಿಬಿಡಿ ಗುರುಗಳೇ ಎಂದು ಕೈ ಮುಗಿದ.

ಗುರುಗಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗ ಬೈಯುತ್ತಾರೆ ಎಂದು ನಿಂಗಯ್ಯ ಕಾದ. ಅವರು ಬೈಯಲಿಲ್ಲ. ಕೂತುಕೋ ಎಂದು ನೆಲ ತೋರಿಸಿ, ಕತೆ ಹೇಳತೊಡಗಿದರು.

ಒಂದು ಊರು. ಊರಿನ ಹೆಸರು ನಿನಗೆ ಬೇಡ. ಹೇಳಿದರೆ, ಆ ಊರಿನವರೇ ಹಾಗೆ, ನಾನು ಹಾಗಲ್ಲ ಎನ್ನುತ್ತೀಯೆ. ಅಲ್ಲಿ ಮರಿಗೆ ಕೆತ್ತುವವರು ಇಬ್ಬರಿದ್ದರು. ಮರಿಗೆ ಕಂಡಿದ್ದೀಯಲ್ಲ? ಒಂದೇ ದಿಮ್ಮಿಯನ್ನು ತೋಡಿ ಮಾಡಿದ ದೊಡ್ಡ ಬೋಗುಣಿ. ಹಿಟ್ಟು ನಾದಲು ಅದೇ, ಮದುವೆಯಲ್ಲಿ ಅನ್ನ ಸುರಿಯಲು ಅದೇ. ಆ ಊರಿನಲ್ಲಿ ಹಸುಗೂಸನ್ನು ಮಲಗಿಸಲೂ ಅದೇ. ಕೆತ್ತುವವರಲ್ಲಿ ಒಬ್ಬ ಓಬಳ, ಇನ್ನೊಬ್ಬ ಬೋರಯ್ಯ. ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನುತ್ತಿದ್ದರು.

ಇಬ್ಬರಿಗೂ ಕೆಲಸ ಕಲಿಸಿದವನು ಓಬಳನ ಅಪ್ಪ. ಕೆತ್ತುವುದು ದೊಡ್ಡದಲ್ಲ, ಕೈ ಇದ್ದವನು ಕೆತ್ತುತ್ತಾನೆ. ಮರ ಗುರುತಿಸುವುದು ದೊಡ್ಡದು. ಮರಿಗೆಗೆ ಆ ಊರಿನವರು ಒಪ್ಪುತ್ತಿದ್ದದ್ದು ಬಸರಿ ಮರ ಒಂದನ್ನೇ. ಅದು ಹಗುರ, ಉಳಿಗೆ ಬಗ್ಗುತ್ತದೆ ಎಂದು ಅವರ ಲೆಕ್ಕ. ಆದರೆ ಕಾಡಿನಲ್ಲಿ ಬಸರಿ ಹಣೆಗೆ ಹೆಸರು ಬರೆದುಕೊಂಡು ನಿಂತಿರುವುದಿಲ್ಲವಲ್ಲ. ಅದರ ಪಕ್ಕದಲ್ಲೇ ಅರಳಿ ಇರುತ್ತದೆ, ಹಳ್ಳದ ಕಡೆ ಹೂವರಸಿ ಇರುತ್ತದೆ. ದೂರದಿಂದ ನೋಡಿದರೆ ಮೂರೂ ಅಣ್ಣತಮ್ಮಂದಿರೇ.

ಮುದುಕ ಇಬ್ಬರನ್ನೂ ಕಾಡಿಗೆ ಕರೆದೊಯ್ದು ತೋರಿಸಿದ. ಹೂವರಸಿಯ ಎಲೆ ಅರಳಿಯ ಹಾಗೇ ಕಂಡರೂ, ಮುರಿದರೆ ಅದರಲ್ಲಿ ಹಾಲಿಲ್ಲ, ಹಳದಿ ಹೂವು ಬಿಡುತ್ತದೆ, ಅದನ್ನು ಬಿಡಿ ಎಂದ. ಅರಳಿಗೂ ಬಸರಿಗೂ ಹಾಲಿದೆ. ಅರಳಿಯ ಎಲೆಗೆ ಉದ್ದನೆಯ ಬಾಲ, ಬಸರಿಯ ಎಲೆಗೆ ಮೊಂಡು ಮೂತಿ. ಬಸರಿಯ ಎಲೆ ಗಾಳಿ ಬೀಸಿದರೆ ಅಲುಗುತ್ತದೆ. ಅರಳಿಯದು ಗಾಳಿ ಇಲ್ಲದಾಗಲೂ ನಡುಗುತ್ತದೆ. ಇಷ್ಟು ತಿಳಿದರೆ ಸಾಕು ಎಂದ. ಆದರೆ ಇಷ್ಟು ತಿಳಿಯಲೇಬೇಕಿತ್ತು, ತಪ್ಪಿದರೆ ಉಳಿಗಾಲವಿರಲಿಲ್ಲ. ಅರಳಿಗೆ ಕೊಡಲಿ ಹಾಕುವುದೂ ಮನೆಯ ಕೂಸಿಗೆ ಕೊಡಲಿ ಹಾಕುವುದೂ ಅವರಿಗೆ ಒಂದೇ ಆಗಿತ್ತು.

ಒಂದು ತೊಡಕಿತ್ತು. ಮರಿಗೆಗೆ ಮರ ಕಡಿಯುವುದು ಎಲೆ ಉದುರಿದ ಕಾಲದಲ್ಲಿ, ಆಗ ಮರದಲ್ಲಿ ಹಾಲು ಕಡಿಮೆ. ಆ ಹೊತ್ತಿಗೆ ಅರಳಿಯೂ ಬೋಳು, ಬಸರಿಯೂ ಬೋಳು. ನೋಡಲು ಬಾಲವೂ ಇಲ್ಲ, ನಡುಗಲು ಎಲೆಯೂ ಇಲ್ಲ. ಅದಕ್ಕೂ ಮುದುಕ ದಾರಿ ಹೇಳಿದ್ದ. ಮೇಲೆ ನೋಡಬೇಡಿ, ಕಾಲಡಿ ನೋಡಿ, ಮರ ಬಿಟ್ಟ ಎಲೆ ಮರದ ಬುಡದಲ್ಲೇ ಬಿದ್ದಿರುತ್ತದೆ, ಒಂದನ್ನು ಎತ್ತಿ ಬಾಲ ನೋಡಿದರೆ ಮುಗಿಯಿತು ಎಂದಿದ್ದ.

ಅಪ್ಪ ಇದನ್ನು ಹೇಳುವಾಗ ಬೋರಯ್ಯ ಎಲೆ ನೋಡುತ್ತಿದ್ದ. ಓಬಳ ಬೋರಯ್ಯನ ಮುಖ ನೋಡುತ್ತಿದ್ದ. ಇವನಿಗೆ ತಿಳಿಯಿತೇ, ನನಗಿಂತ ಮೊದಲೇ ತಿಳಿಯಿತೇ ಎಂದು. ಯಾಕೆ ತಲೆ ತಗ್ಗಿಸುತ್ತೀಯೆ ನಿಂಗಯ್ಯ? ನಾನು ಓಬಳನ ಮಾತು ಹೇಳುತ್ತಿದ್ದೇನೆ.

ಸಾಯುವಾಗ ಮುದುಕ ಮರ ತೋಡುವ ತನ್ನ ಬಾಚಿಯನ್ನು ಬೋರಯ್ಯನಿಗೆ ಕೊಟ್ಟುಬಿಟ್ಟ. ಮಗನಿಗೆ ಮನೆ ಕೊಟ್ಟ, ಹೊಲ ಕೊಟ್ಟ, ಬಾಚಿ ಕೊಡಲಿಲ್ಲ. ಮನೆಯೊಳಗೆ ಮಲಗಿದರೂ ಓಬಳನ ಕಣ್ಣಲ್ಲಿ ಆ ಬಾಚಿಯೇ. ಗೋಡೆಯ ಆಚೆ ಅದು ಟಕಟಕ ಎಂದಾಗೆಲ್ಲ ಇವನ ಎದೆಯ ಮೇಲೇ ಏಟು ಬಿದ್ದಂತಾಗುತ್ತಿತ್ತು. ಊರಿನವರು ಬೋರಯ್ಯನ ಮರಿಗೆ ಎಂದು ಹೆಸರಿಟ್ಟೇ ಕೇಳುತ್ತಿದ್ದರು. ಓಬಳನದು ಎರಡು ಮಳೆ ಕಂಡರೆ ಬಿರಿಯುತ್ತಿತ್ತು, ಯಾಕೆಂದರೆ ಅವನು ಕಡಿದದ್ದರಲ್ಲಿ ಯಾವ ಯಾವ ಮರವೋ ಸೇರಿರುತ್ತಿತ್ತು. ಮರ ಸರಿಯಿಲ್ಲ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಇನ್ನೂ ಒಂದಿತ್ತು. ಬೋರಯ್ಯನ ಅಂಗಳದ ತುಂಬ ಮಕ್ಕಳು. ಓಬಳನ ಹೆಂಡತಿ ಸಣ್ಣಕ್ಕನಿಗೆ ಗರ್ಭ ನಿಲ್ಲುತ್ತಿರಲಿಲ್ಲ. ನಿಂತದ್ದು ಮತ್ತೆ ಮತ್ತೆ ಹೋಗಿತ್ತು. ಈ ಸಲ ನಿಂತು ತಿಂಗಳುಗಳು ದಾಟಿದ್ದವು. ಅವಳು ನಗುವುದಕ್ಕೂ ಹೆದರುತ್ತಿದ್ದಳು. ಇದೊಂದು ಉಳಿದರೆ ಸಾಕು, ಬೇರೆ ಏನೂ ಬೇಡ ಎಂದು ಓಬಳನೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಬಾಯಿಬಿಟ್ಟು ಹರಕೆ ಮಾತ್ರ ಹೊರಲಿಲ್ಲ. ದೇವರೂ ಮೊದಲು ಪಕ್ಕದ ಮನೆಯ ಮಾತನ್ನೇ ಕೇಳುತ್ತಾನೆ ಎಂದು ಅವನಿಗೆ ದೇವರ ಮೇಲೂ ಮುನಿಸು.

ಈಗ ಆ ಊರಿನ ಒಂದು ಪದ್ಧತಿ ಕೇಳು. ಮರ ಕಡಿಯುವವನು ಹಿಂದಿನ ದಿನ ಹೋಗಿ, ಮರದ ಮೇಲೆ ಅಂಗೈ ಇಟ್ಟು, ತಪ್ಪಾಯಿತು ಎಂದು ಕೇಳಿಕೊಂಡು, ಅರಿಸಿನದ ದಾರ ಸುತ್ತಿ ಬರುತ್ತಾನೆ. ಹಕ್ಕಿಯೋ ಅಳಿಲೋ ಏನು ವಾಸವಿದೆಯೋ ಅದು ಒಂದು ರಾತ್ರಿಯಲ್ಲಿ ಬೇರೆ ಕಡೆ ಹೋಗಲಿ ಎಂದು. ಮಾರನೆಯ ದಿನ ಬಂದು ಕಡಿಯುತ್ತಾನೆ. ದಾರ ಕಟ್ಟಿದ ಮರ ಕಟ್ಟಿದವನದು. ಇನ್ನೊಬ್ಬ ಮುಟ್ಟುವಂತಿಲ್ಲ.

ಓಬಳ ಮುಟ್ಟಿದ. ಅವನಿಗೆ ಮರ ಗುರುತಿಸಲು ಬರುತ್ತಿರಲಿಲ್ಲ, ಆದರೆ ಬೋರಯ್ಯನನ್ನು ಗುರುತಿಸಲು ಚೆನ್ನಾಗಿ ಬರುತ್ತಿತ್ತು. ಅವನು ಕಾಡಿಗೆ ಹೊರಟರೆ ಇವನು ಹಿಂದೆ ಹಿಂದೆ ಹೋಗುತ್ತಿದ್ದ. ಅವನು ಯಾವುದಕ್ಕೆ ದಾರ ಕಟ್ಟುತ್ತಾನೋ ನೋಡಿಕೊಂಡು, ಬೆಳಗಾಗುತ್ತಲೇ ಅವನಿಗಿಂತ ಮೊದಲು ಹೋಗಿ, ದಾರ ಕಿತ್ತು, ಮರ ಕೆಡವುತ್ತಿದ್ದ. ದಾರ ಕಟ್ಟಿದ್ದು ನಾನೇ ಎನ್ನುತ್ತಿದ್ದ. ಅಂಥ ಮರಗಳಿಂದ ಮಾಡಿದ ಮರಿಗೆಗಳು ಬಿರಿಯಲಿಲ್ಲ. ಊರಿನವರು, ಪರವಾಗಿಲ್ಲ, ಓಬಳನ ಕೈಗೂ ಅಪ್ಪನ ಗುಣ ಬಂತು ಎಂದರು.

ಬೋರಯ್ಯನಿಗೆ ಗೊತ್ತಾಗಲಿಲ್ಲವೇ ಎಂದು ಕೇಳಬೇಡ. ಗೊತ್ತಾಗದೆ ಇರುತ್ತದೆಯೇ? ಬಂದು ನೋಡುತ್ತಿದ್ದ, ಬರಿಯ ಬುಡ ಕಾಣುತ್ತಿತ್ತು, ಹೆಗಲ ಮೇಲಿನ ಕೊಡಲಿಯನ್ನು ಇಳಿಸದೆ ಮುಂದೆ ಹೋಗಿ ಇನ್ನೊಂದು ಮರ ಹುಡುಕುತ್ತಿದ್ದ. ಬೈದಿದ್ದರೆ ಓಬಳನ ಹೊಟ್ಟೆ ತಣ್ಣಗಾಗುತ್ತಿತ್ತೋ ಏನೋ. ಅವನ ಒಂದು ಮರ ಹೋದರೂ ಹತ್ತು ಮರ ಗುರುತಿಸಬಲ್ಲ ಎಂಬುದೇ ಇವನಿಗೆ ಇನ್ನಷ್ಟು ಉರಿ ತಂದಿತು. ಹೊಟ್ಟೆಕಿಚ್ಚಿನವನಿಗೆ ಮರ ಬೇಕಾಗಿರುವುದಿಲ್ಲ ತಮ್ಮಾ, ಪಕ್ಕದವನ ಕಣ್ಣೀರು ಬೇಕಾಗಿರುತ್ತದೆ.

ಹೀಗಿರುವಾಗ ಒಂದು ಮಧ್ಯಾಹ್ನ ಬೋರಯ್ಯ ಕಾಡಿನ ಒಳಗೆ, ಎಂದೂ ಹೋಗದಷ್ಟು ದೂರ ಹೋದ. ಓಬಳನೂ ಪೊದೆಯ ಮರೆಯಲ್ಲಿ ಬಂದ. ಒಂದು ಬಂಡೆಯ ಪಕ್ಕದಲ್ಲಿ ಬೋಳು ಮರ ನಿಂತಿತ್ತು. ಮೈ ನೇರ, ತೋಳಿಗೆ ಸಿಕ್ಕದಷ್ಟು ದಪ್ಪ. ಬೋರಯ್ಯ ಅದರ ಮೇಲೆ ಅಂಗೈ ಇಟ್ಟ. ಯಾವತ್ತೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಬೇಡಿಕೆ ಅವತ್ತು ಮುಗಿಯಲೇ ಇಲ್ಲ. ಹಣೆ ಮುಟ್ಟಿಸಿದ. ಸೊಂಟದಿಂದ ದಾರ ತೆಗೆದು ಸುತ್ತಿದ, ಮತ್ತೆ ಸುತ್ತಿದ. ಹೋಗುವಾಗ ತಿರುಗಿ ತಿರುಗಿ ನೋಡಿದ.

ಓಬಳನಿಗೆ ಆನಂದ ತಡೆಯಲಾಗಲಿಲ್ಲ. ಇವನು ಇಷ್ಟೊಂದು ಬೇಡಿಕೊಂಡನೆಂದರೆ ಇದು ಇವನ ಜನ್ಮದಲ್ಲಿ ಮತ್ತೆ ಸಿಗದಂಥ ಬಸರಿ ಎಂದುಕೊಂಡ. ನನ್ನ ಕಣ್ಣು ತಪ್ಪಿಸಲಿಕ್ಕೇ ಇಷ್ಟು ದೂರ ಬಂದಿದ್ದಾನೆ ಎಂದುಕೊಂಡ. ಇದನ್ನು ಕೆಡವಿದರೆ ಇವನು ಅಳುತ್ತಾನೆ, ಈ ಸಲ ಅಳದೆ ಇರಲಾರ ಎಂದುಕೊಂಡ.

ಬೆಳಕು ಹರಿಯುವ ಹೊತ್ತಿಗೆ ಅವನು ಆ ಮರದ ಬುಡದಲ್ಲಿದ್ದ. ಕಣ್ಣೆಲ್ಲ ದಾರದ ಮೇಲೆ. ದಾರವನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡ, ಕೊಡಲಿ ಎತ್ತಿದ. ಕಾಲಡಿಯಲ್ಲಿ ಒಣಗಿದ ಎಲೆ ಮೊಣಕಾಲಿನವರೆಗೆ ಬಿದ್ದಿತ್ತು, ಅವನು ನಡೆದಾಗೆಲ್ಲ ಸರಸರ ಎನ್ನುತ್ತಿತ್ತು. ಬಗ್ಗಿ ಒಂದನ್ನು ಎತ್ತಲಿಲ್ಲ. ಕಡಿದ, ಕಡಿದ, ಬೆವರು ಕಣ್ಣಿಗಿಳಿಯುವಂತೆ ಕಡಿದ. ಮರ ಬಿತ್ತು. ಓಬಳ ಅದರ ಮೇಲೆಯೇ ಕುಳಿತುಕೊಂಡ. ಅವತ್ತು ಓಡಿಹೋಗಲಿಲ್ಲ, ಬೋರಯ್ಯನ ಮುಖ ನೋಡಬೇಕಾಗಿತ್ತು ಅವನಿಗೆ.

ಬೋರಯ್ಯ ಬಂದ. ಅವನ ಹೆಗಲ ಮೇಲೆ ಕೊಡಲಿ ಇರಲಿಲ್ಲ. ಕೈಯಲ್ಲಿ ಒಂದು ಚೊಂಬು ನೀರು ಇತ್ತು. ಮರ ನೋಡಿದ, ಚೊಂಬು ಹಿಡಿದ ಹಾಗೇ ನೆಲಕ್ಕೆ ಕುಸಿದ. ಅವನ ಕಣ್ಣಲ್ಲಿ ನೀರು ಬಂತು. ಓಬಳ ಇಷ್ಟು ಕಾಲ ಕಾದದ್ದು ಇದಕ್ಕೇ. ಅವನಿಗೆ ಸಕ್ಕರೆ ತಿಂದ ಹಾಗಾಯಿತು.

"ಏನೋ ಬೋರ, ನಿನ್ನ ಮರ ಹೋಯಿತೇ?" ಎಂದ.

"ನನ್ನ ಮರ ಅಲ್ಲ ಓಬಳಣ್ಣ, ಇದು ಅರಳಿ," ಎಂದ ಬೋರಯ್ಯ. "ಸಣ್ಣಕ್ಕನ ಕೂಸು ಈ ಸಲ ನಿಲ್ಲಲಿ ಎಂದು ಕಟ್ಟಿದ ದಾರ ಅದು."

ಓಬಳ ನಂಬಲಿಲ್ಲ. ಹರಕೆಯ ದಾರ ಕಟ್ಟುವುದು ಊರ ಮುಂದಿನ ಅರಳಿಕಟ್ಟೆಗೆ, ಅದೂ ಹೆಂಗಸರು. ಕಾಡಿನ ಅರಳಿಗೆ ಗಂಡಸು ಕಟ್ಟಿದ್ದನ್ನು ಯಾರು ಕಂಡಿದ್ದಾರೆ? ಬೋರಯ್ಯ ಕಣ್ಣು ಒರೆಸಿಕೊಂಡು ಹೇಳಿದ. ಗೋಡೆಯ ಆಚೆ ಸಣ್ಣಕ್ಕ ಅಳುವುದು ತಮ್ಮ ಮನೆಗೆ ಕೇಳುತ್ತದೆ, ತನ್ನ ಹೆಂಡತಿಗೆ ಅನ್ನ ಇಳಿಯುತ್ತಿಲ್ಲ, ದಾರ ಹೊಸೆದು ಅರಿಸಿನ ಹಚ್ಚಿ ಕೊಟ್ಟವಳು ಅವಳೇ. ಊರ ಅರಳಿಗೆ ಕಟ್ಟಿದರೆ, ನೆರೆಮನೆಯವಳ ಗರ್ಭಕ್ಕೆ ಇವನೇಕೆ ಹರಕೆ ಹೊತ್ತ ಎಂದು ಜನ ಬಾಯಿಗೆ ಬಂದದ್ದು ಆಡುತ್ತಾರೆ. ಆ ಮಾತು ಓಬಳಣ್ಣನ ಕಿವಿಗೆ ಬಿದ್ದರೆ ಸಣ್ಣಕ್ಕನ ಗತಿ ಏನು? ಅದಕ್ಕೇ ಇಷ್ಟು ದೂರ ಬಂದದ್ದು. ಕೂಸು ಹುಟ್ಟುವ ತನಕ ದಿನಾ ಒಂದು ಚೊಂಬು ನೀರು ಹಾಕುವುದು ಎಂದು ಗಂಡಹೆಂಡಿರ ಸಂಕಲ್ಪ.

ಓಬಳ ಕೊಡಲಿಯ ಕಡೆ ನೋಡಿದ. ಮರದ ಹಾಲು ಅಲಗಿಗೆ ಮೆತ್ತಿಕೊಂಡಿತ್ತು. ಹಾಲಿಗೆ ಒಂದು ಒಣ ಎಲೆ ಅಂಟಿಕೊಂಡಿತ್ತು. ಎಲೆಗೆ ಉದ್ದನೆಯ ಬಾಲ ಇತ್ತು.

ಆಗ ಅಪ್ಪನ ಮಾತು ನೆನಪಾಯಿತು. ನೆನಪಾಗಿ ಏನು ಪ್ರಯೋಜನ? ಸೊಂಟದಿಂದ ದಾರ ಎಳೆದುಕೊಂಡು ಬುಡದ ಮೋಟಿಗೆ ಮತ್ತೆ ಕಟ್ಟಲು ಹೋದ. ಗಂಟು ಬೀಳಲೊಲ್ಲದು. ಅವತ್ತು ಒಂದು ಎಳೆ ಗಾಳಿ ಇರಲಿಲ್ಲ, ಅವನ ಕೈ ಮಾತ್ರ ನಡುಗುತ್ತಿತ್ತು. ಕೊನೆಗೆ ಬೋರಯ್ಯನೇ ದಾರದ ಇನ್ನೊಂದು ತುದಿ ಹಿಡಿದುಕೊಂಡ. ಗಂಟು ಹಾಕಿದ ಮೇಲೆ ಚೊಂಬಿನ ನೀರನ್ನು ಆ ಮೋಟಿನ ಮೇಲೆ ಸುರಿದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ನಿಂಗಯ್ಯ ತಡೆಯಲಾರದೆ, ಕೂಸು ಉಳಿಯಿತೇ ಎಂದು ಕೇಳಿದ.

ಗುರುಗಳಿಗೆ ಸಿಟ್ಟು ಬಂತು. ಮರ ಕಡಿದರೆ ಕೂಸು ಸಾಯುತ್ತದೆ ಎಂದು ಹೆದರಿಸಲು ನಾನೇನು ಕಣಿ ಹೇಳುವವನೇ ಎಂದು ಗದರಿದರು. ಆಮೇಲೆ ದನಿ ಇಳಿಸಿ ಉಳಿದದ್ದನ್ನೂ ಹೇಳಿದರು.

ಕೂಸು ಉಳಿಯಿತು. ಹೆಣ್ಣು ಮಗು, ಬೋರಯ್ಯ ಕೆತ್ತಿಕೊಟ್ಟ ಮರಿಗೆಯಲ್ಲೇ ಮಲಗಿತು. ಅರಳಿಯ ಮೋಟೂ ಸಾಯಲಿಲ್ಲ, ಅರಳಿ ಅಷ್ಟು ಸುಲಭಕ್ಕೆ ಸಾಯುವ ಜಾತಿ ಅಲ್ಲ. ಕೆಂಪು ಚಿಗುರು ಒಡೆಯಿತು. ಬೋರಯ್ಯ ಆ ಸಂಗತಿಯನ್ನು ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಆದರೆ ಮರ ಬಿದ್ದ ದಿನದಿಂದ ಹೆರಿಗೆಯ ದಿನದ ತನಕ ಓಬಳ ಪಟ್ಟ ಪಾಡು ಶತ್ರುವಿಗೂ ಬೇಡ. ಸಣ್ಣಕ್ಕ ಒಮ್ಮೆ ಸೊಂಟ ಹಿಡಿದುಕೊಂಡರೆ ಇವನ ಪ್ರಾಣ ಹೋಗಿ ಬರುತ್ತಿತ್ತು. ದಿನಾ ಬೆಳಿಗ್ಗೆ ಚೊಂಬು ಹಿಡಿದು ಕಾಡಿಗೆ ಓಡುತ್ತಿದ್ದ. ಹೆಂಡತಿ ಎಲ್ಲಿಗೆ ಎಂದು ಕೇಳಿದರೆ ಇನ್ನೂ ಜೋರಾಗಿ ಹೆಜ್ಜೆ ಹಾಕುತ್ತಿದ್ದ. ನಾನೇ ನನ್ನ ಕೂಸಿನ ಮೇಲೆ ಕೊಡಲಿ ಎತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಕೂಸು ಹುಟ್ಟಿ ಅತ್ತಾಗ ಮನೆಯವರೆಲ್ಲ ನಕ್ಕರು. ಓಬಳ ಹಿತ್ತಲಿಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ಅತ್ತ. ಗೋಡೆಯ ಆಚೆ ಬಾಚಿಯ ಸದ್ದು ಕೇಳುತ್ತಿತ್ತು. ಮೊದಲ ಸಲ ಅದು ಅವನ ಎದೆಗೆ ಬಡಿಯಲಿಲ್ಲ.

ಕತೆ ಮುಗಿಯಿತು, ಏಳು ಎಂದರು ಗುರುಗಳು.

ನಿಂಗಯ್ಯ ಏಳಲಿಲ್ಲ. ಕತೆ ಚೆನ್ನಾಗಿದೆ, ಓಬಳ ಮೂರ್ಖ ಎಂಬುದೂ ತಿಳಿಯಿತು, ಆದರೆ ತನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಎಂದ. ತನಗಾಗಿ ಯಾರೂ ಯಾವ ಮರಕ್ಕೂ ದಾರ ಕಟ್ಟಿಲ್ಲವಲ್ಲ ಎಂದ. ಸಂಜೆ ಹೊತ್ತು ರುದ್ರಮುನಿ ಬಾವಿಕಟ್ಟೆಯ ಹತ್ತಿರ ಏನು ಮಾತಾಡುತ್ತಾನೆ ಎಂಬುದನ್ನು ಗುರುಗಳು ಇನ್ನೂ ಹೇಳಲೇ ಇಲ್ಲ ಎಂದು ಮತ್ತೆ ನೆನಪಿಸಿದ.

ಗುರುಗಳು ಅವನ ಮುಖವನ್ನೇ ನೋಡಿದರು. ಸಿಟ್ಟು ಇರಲಿಲ್ಲ.

"'ನಿಂಗಯ್ಯನಿಗೆ ಇವತ್ತಿನ ಪಾಠ ಹತ್ತಿಲ್ಲ, ಕೇಳಲು ಅವನಿಗೆ ನಾಚಿಕೆ, ನಾಳೆ ಬೆಳಿಗ್ಗೆ ಎಲ್ಲರಿಗೂ ಎಂಬಂತೆ ಇನ್ನೊಮ್ಮೆ ಹೇಳಿ' ಎನ್ನುತ್ತಾನೆ, ಆ ಮಾತನ್ನು ನಿಲ್ಲಿಸಿಬಿಡಲೇ?"